ಮುನಿಯಣ್ಣನ ಹೆಡ್‌ಫೋನ್

ಸುಂಕದಕಟ್ಟೆಯ ಆ ಓಣಿಯಲ್ಲಿ ಇನ್ನೇನಕ್ಕೆ ಬರವಿದ್ದರೂ ಗಲಾಟೆಗೆ ಬರವಿಲ್ಲ. ಬೆಳಗಾದರೆ ಸೊಪ್ಪಿನವನ ಸ್ಪೀಕರ್, ಅದರ ಹಿಂದೆಯೇ ಹಳೇ ಪೇಪರ್‌ನವನ ಸ್ಪೀಕರ್, ಇಬ್ಬರ ನಡುವೆ ಕಸದ ಗಾಡಿಯ ಹಾಡು. ಹಿಂದಿನ ಓಣಿಯಲ್ಲಿ ಎರಡು ವೆಲ್ಡಿಂಗ್ ಶೆಡ್ಡು. ನಾಲ್ಕು ಹೆಜ್ಜೆ ಹೋದರೆ ಮಾಗಡಿ ರಸ್ತೆ. ಅಲ್ಲಿ ಹಾರನ್ ಹೊಡೆಯದೆ ಗಾಡಿ ಓಡಿಸುವವನನ್ನು ಜನ ತಿರುಗಿ ನೋಡುತ್ತಾರೆ. ಇಷ್ಟೊಂದು ಸದ್ದಿನ ನಡುವೆ, ಮೊದಲನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಕಲಾಳಿಗೆ ಮಾತಾಡುವುದಕ್ಕೆ ಒಂದು ಜನ ಇರಲಿಲ್ಲ.

ಜನ ಇಲ್ಲ ಅಂದರೆ ಮನೆ ಖಾಲಿ ಅಂತಲ್ಲ. ಗಂಡ ಮುನಿಯಣ್ಣ ಇದ್ದ. ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ಇಪ್ಪತ್ತೆಂಟು ವರ್ಷ ಪವರ್ ಪ್ರೆಸ್ ಮೆಷಿನ್ ನಡೆಸಿ, ಬಾಗಿಲ ಕೀಲು, ಫ್ಯಾನಿನ ಪಟ್ಟಿ ಅಂತ ಲಕ್ಷಗಟ್ಟಲೆ ತಗಡು ಕತ್ತರಿಸಿ, ಕೊನೆಗೆ ತನ್ನ ಎರಡು ಕಿವಿಗಳನ್ನೂ ಅಲ್ಲೇ ಕಳೆದುಕೊಂಡು ಮನೆಗೆ ಬಂದು ಕೂತವನು. ಆರು ವರ್ಷವಾಗಿತ್ತು. ಬಲಗಿವಿಯ ಹತ್ತಿರ ಬಾಯಿಟ್ಟು ಕಿರುಚಿದರೆ ಅಷ್ಟೋ ಇಷ್ಟೋ ಕೇಳಿಸುತ್ತಿತ್ತು. ಡಾಕ್ಟರು ಕಿವಿಗೆ ಮೆಷಿನ್ ಹಾಕಿಸಿ ಅಂದರೆ, "ಕಿವುಡ ಅಂತ ಬೋರ್ಡ್ ನೇತಾಕ್ಕೊಂಡು ಓಡಾಡ್ಲಾ?" ಅಂದು ಎದ್ದು ಬಂದಿದ್ದ. ಅತ್ತೆ ಮುನಿತಾಯಮ್ಮ ಇದ್ದರು. ಎಂಬತ್ತೆರಡು ವಯಸ್ಸು, ಹಾವಿನಂಥ ಕಿವಿ, ಅದಕ್ಕಿಂತ ಚುರುಕು ನಾಲಿಗೆ. ಸೊಸೆಯ ತಪ್ಪು ಹೇಳುವುದು ಬಿಟ್ಟರೆ ಅವರಿಗೂ ಬೇರೆ ಮಾತು ತೋಚುತ್ತಿರಲಿಲ್ಲ. ಇನ್ನು ಮಗಳು ರಂಜಿನಿ. ವೈಟ್‌ಫೀಲ್ಡಿನ ಕಾಲ್ ಸೆಂಟರಿನಲ್ಲಿ ಕೆಲಸ. ಬಸ್ಸು ಹತ್ತಿ ವಿಜಯನಗರ, ಅಲ್ಲಿಂದ ಮೆಟ್ರೋ ಹಿಡಿದು ಊರಿನ ಆ ತುದಿ. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ.

ಪ್ರೆಸ್ ಕೆಲಸದವರಿಗೆ ಅವರದೇ ಸನ್ನೆಗಳಿರುತ್ತವೆ. ಮೆಷಿನ್ನಿನ ಗದ್ದಲದಲ್ಲಿ ಬಾಯಿ ಯಾಕೆ ದಣಿಸುವುದು? ಮುಷ್ಟಿ ತಿರುಗಿಸಿದರೆ ಮೆಷಿನ್ ಆಫ್ ಮಾಡು ಅಂತ, ಎರಡು ಬೆರಳು ತುಟಿಗಿಟ್ಟರೆ ಟೀ. ಮುನಿಯಣ್ಣ ಆ ಸನ್ನೆಗಳನ್ನೇ ಮನೆಗೂ ತಂದಿದ್ದ. ಊಟ, ನೀರು, ಸ್ನಾನ, ಮಾತ್ರೆ, ಎಲ್ಲ ಬೆರಳಲ್ಲೇ ನಡೆಯುತ್ತಿತ್ತು. ಆದರೆ ಕೆಳಗಿನ ಮನೆಯ ಬಾಡಿಗೆಯವಳು ಗಂಡನ ಮೇಲೆ ಮುನಿಸಿಕೊಂಡು ಕೆಂಗೇರಿಯ ತವರಿಗೆ ಹೋದದ್ದು, ಮೂರೇ ದಿನಕ್ಕೆ ತಾನೇ ಆಟೋ ಮಾಡಿಕೊಂಡು ವಾಪಸು ಬಂದದ್ದು, ಇಂಥದ್ದನ್ನೆಲ್ಲ ಬೆರಳಲ್ಲಿ ಹೇಳುವುದು ಹೇಗೆ? ಕಲಾಳ ಹೊಟ್ಟೆಯೊಳಗೆ ಇಂಥ ಮಾತುಗಳು ಆರು ವರ್ಷದಿಂದ ಸೇರುತ್ತಲೇ ಇದ್ದವು. ಅವನ್ನು ಕೇಳುವ ಒಬ್ಬರು ಬೇಕಿತ್ತು ಅವಳಿಗೆ. ಅದು ಗಂಡನೇ ಆಗಿರಬೇಕು ಅಂತ ಆಸೆ.

ಒಂದು ಭಾನುವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸುತ್ತಿದ್ದಾಗ ರಂಜಿನಿ ಮಾತು ತೆಗೆದಳು.

"ಅಮ್ಮ, ನಾನೊಂದು ಹೆಡ್‌ಫೋನ್ ತಗೋಬೇಕು. ನಾಯ್ಸ್ ಕ್ಯಾನ್ಸಲಿಂಗು."

"ಇದೆಯಲ್ಲೇ ನಿನ್ ಹತ್ರ, ಬಿಳೀದು."

"ಅದು ಬರೀ ಹಾಡು ಕೇಳೋಕೆ. ಇದು ಹೊರಗಡೆ ಸದ್ದನ್ನೇ ನಿಲ್ಸುತ್ತೆ. ಮೆಟ್ರೋಲಿ ಆ ಕಡೆಯವನು ರೀಲ್ಸ್ ಹಾಕಿರ್ತಾನೆ, ಈ ಕಡೆಯವಳು ಫೋನಲ್ಲಿ ಜಗಳ ಆಡ್ತಿರ್ತಾಳೆ. ನಾಲ್ಕು ಗಂಟೆ ಕಣಮ್ಮ ದಿನಕ್ಕೆ. ತಲೆ ಸಿಡಿಯುತ್ತೆ."

"ಏನಂತೆ ಇವಳದು?" ಅಂದರು ಮುನಿತಾಯಮ್ಮ.

"ಸದ್ದು ಕೇಳಿಸ್ದೆ ಇರೋ ಮೆಷಿನ್ನಂತೆ ಅತ್ತೆ. ಕಿವಿಗೆ ಹಾಕ್ಕೊಳ್ಳೋದು."

"ಅಯ್ಯೋ ಶಿವನೇ! ನಿಮ್ಮಪ್ಪ ಸಂಬಳ ಇಸ್ಕೊಂಡು ಕಿವುಡ ಆದ. ನೀನು ಸಂಬಳ ಕೊಟ್ಟು ಕಿವುಡಿ ಆಗ್ತೀಯೇನೇ?"

ಕಲಾ ಸೌಟು ಹಿಡಿದುಕೊಂಡೇ ನಕ್ಕಳು. ರಂಜಿನಿಯೂ ನಕ್ಕಳು. ಎಲ್ಲರೂ ನಗುವುದನ್ನು ನೋಡಿ ಮುನಿಯಣ್ಣನೂ ನಕ್ಕ. ಯಾಕೆ ನಗುತ್ತಿದ್ದೀರಿ ಅಂತ ಅವನು ಕೇಳಲಿಲ್ಲ. ಹಾಗೆ ಕೇಳುವುದನ್ನು ಅವನು ಬಿಟ್ಟು ಬಹಳ ದಿನವಾಗಿತ್ತು.

ಆಮೇಲಿನ ಎರಡು ವಾರ ಕಲಾಳ ಪಾಲಿಗೆ ಹಬ್ಬ. ಸಂಜೆ ರಂಜಿನಿ ಬಂದು ಮುಖ ತೊಳೆದು, ಟೀ ಲೋಟ ಹಿಡಿದು ಅಮ್ಮನ ಪಕ್ಕ ಕೂರುವಳು. ಕಲಾ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಮಾಡುತ್ತಿದ್ದಳು. ಬಸವೇಶ್ವರನಗರದ ಎರಡು ಅಂಗಡಿಯವರು ಸೀರೆ ಕೊಡುತ್ತಿದ್ದರು. ಸೆರಗಿನ ದಾರಗಳನ್ನು ಗಂಟು ಹಾಕುತ್ತ ಅವಳು ಕೇಳುವಳು, ರಂಜಿನಿ ಫೋನಿನಲ್ಲಿ ಒಂದೊಂದೇ ಹೆಡ್‌ಫೋನ್ ತೋರಿಸುವಳು.

"ಇದು ನೋಡು. ಕಿವಿ ಪೂರ್ತಿ ಮುಚ್ಚುತ್ತೆ. ಮೂವತ್ತು ಗಂಟೆ ಬ್ಯಾಟರಿ."

"ಅಬ್ಬ, ಎಮ್ಮೆ ಕೊಂಬಿದ್ದಂಗಿದೆ. ಈ ಸೆಕೆಯಲ್ಲಿ ಕಿವಿ ಬೇಯುತ್ತೆ. ಚಿಕ್ಕದಿಲ್ವಾ, ಒಳಗೆ ತೂರಿಸ್ಕೊಳ್ಳೋದು?"

"ಇದೆ. ಆದರೆ ಅದಕ್ಕೆ ಆರೇ ಗಂಟೆ ಚಾರ್ಜು. ಬಸ್ಸಿಂದ ಇಳಿಯೋವಾಗ ನೂಕಾಟದಲ್ಲಿ ಒಂದು ಬಿದ್ದೋದ್ರೆ ಮುಗೀತು, ಇನ್ನೊಂದನ್ನ ಇಟ್ಕೊಂಡು ಏನ್ ಮಾಡ್ಲಿ?"

"ದೊಡ್ಡದಾದ್ರೆ ಓಲೆ ಒತ್ತಲ್ವೇನೇ? ಕಿವಿ ಹಿಂದೆ ಕೆಂಪಗಾಗುತ್ತೆ."

"ಮೆತ್ತಗಿರುತ್ತಂತೆ. ಒಬ್ಬಳು ಬರ್ದಿದ್ದಾಳೆ ನೋಡು, ಓಲೆ ಹಾಕ್ಕೊಂಡೇ ಮೂರು ಗಂಟೆ ಇಟ್ಕೊಂಡ್ನಂತೆ."

"ಜಡೆ ಕ್ಲಿಪ್ಪು?"

"ಅಮ್ಮಾ!"

ಇನ್ನೊಂದು ದಿನ ರಂಜಿನಿ, "ವಿಮಾನದಲ್ಲಿ ಹೋಗೋರೆಲ್ಲ ಇದನ್ನೇ ತಗೋತಾರಂತೆ" ಅಂದಳು.

"ನಿಂದು ಯಾವ ವಿಮಾನ? ಮುನ್ನೂರು ಜನ ನಿಂತ್ಕೊಂಡು ಹೋಗೋ ವಿಮಾನಾನಾ?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಒಳಗಿನಿಂದ ಮುನಿತಾಯಮ್ಮ, "ಹಲ್ಲು ಕಿಸಿದಿದ್ದು ಸಾಕು, ಒಲೆ ಮೇಲೆ ಏನಿಟ್ಟಿದ್ದೀಯ ನೋಡೇ" ಅಂದರು. ಆ ಬೈಗುಳವೂ ಅವತ್ತು ಕಲಾಳಿಗೆ ಹಿತವಾಗಿತ್ತು.

ನಿಜ ಹೇಳಬೇಕೆಂದರೆ ಕಲಾ ಕಳ್ಳಾಟ ಆಡುತ್ತಿದ್ದಳು. ಮಗಳು ಒಂದನ್ನು ಗಟ್ಟಿ ಮಾಡಿಕೊಂಡಳು ಅನ್ನುವಷ್ಟರಲ್ಲಿ ಇವಳು ಏನಾದರೂ ಕೊಕ್ಕೆ ಹಾಕುವಳು. ಬೆವರು ಅನ್ನುವಳು, ಮಳೆ ಅನ್ನುವಳು, ಬಣ್ಣ ಬೇಗ ಕೊಳೆಯಾಗುತ್ತದೆ ಅನ್ನುವಳು. ಆಫೀಸಿನ ಲ್ಯಾಪ್‌ಟಾಪಿಗೂ ಫೋನಿಗೂ ಎರಡಕ್ಕೂ ಒಟ್ಟಿಗೆ ಸೇರುತ್ತಾ ಕೇಳು ಅನ್ನುವಳು. ಅದು ಎಲ್ಲಿಂದ ಹೊಳೆಯಿತೋ ಅವಳಿಗೇ ಗೊತ್ತಿಲ್ಲ, ರಂಜಿನಿ ಮಾತ್ರ ಬೆರಗಾಗಿ, "ಪರ್ವಾಗಿಲ್ವೇ ಅಮ್ಮ!" ಅಂದಿದ್ದಳು. ಹೆಡ್‌ಫೋನ್ ಮನೆಗೆ ಬಂದ ದಿನ ಈ ಮಾತು ನಿಲ್ಲುತ್ತದೆ ಅಂತ ಕಲಾಳಿಗೆ ಚೆನ್ನಾಗಿ ಗೊತ್ತಿತ್ತು. ಆದಷ್ಟು ಎಳೆದಳು. ಆದರೆ ಎಷ್ಟು ಅಂತ ಎಳೆಯುವುದು?

ಮೂರನೇ ಶನಿವಾರ ರಂಜಿನಿ ಸ್ಕೂಟಿ ತೆಗೆದಳು. "ಬಾ ಅಮ್ಮ, ಕಣ್ಣಾರೆ ನೋಡಿ ತಗೊಂಡು ಬರೋಣ. ಹಾಕ್ಕೊಂಡು ನೋಡ್ದೆ ತಗೋಬಾರ್ದಂತೆ."

ರಾಜಾಜಿನಗರದ ಆ ಅಂಗಡಿಯಲ್ಲಿ ಗೋಡೆ ತುಂಬ ಟೀವಿಗಳು, ಪ್ರತಿ ಟೀವಿಯಲ್ಲೂ ಕೂಗಾಟ. ರುದ್ರೇಶ ಅನ್ನುವ ಹುಡುಗ, ಅಲ್ಲಿನ ಸೇಲ್ಸ್‌ಮನ್, ರಂಜಿನಿಗೆ ನಾಲ್ಕು ಹೆಡ್‌ಫೋನ್ ತೋರಿಸಿದ. ಒಂದು ಬಿಗಿಯಾಯಿತು, ಒಂದು ಭಾರವಾಯಿತು, ಒಂದು ಹಾಡಿಗೆ ಚೆನ್ನಾಗಿತ್ತು ಆದರೆ ಫೋನ್ ಮಾಡಿದರೆ ಆ ಕಡೆಯವರಿಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾಲ್ಕನೆಯದನ್ನು ಹಾಕಿಕೊಂಡವಳು ಕಣ್ಣು ಮುಚ್ಚಿ ಸುಮ್ಮನೆ ನಿಂತುಬಿಟ್ಟಳು.

"ಆಂಟಿ, ನೀವೂ ನೋಡಿ" ಅಂದ ರುದ್ರೇಶ.

"ನಂಗ್ಯಾಕಪ್ಪ?"

"ಸುಮ್ನೆ ನೋಡಿ."

ಹಾಕಿದ ಕೂಡಲೇ ಟೀವಿಗಳೆಲ್ಲ ಬಾಯಿ ಮುಚ್ಚಿಕೊಂಡವು. ಮೇಲೆ ಗುರುಗುಟ್ಟುತ್ತಿದ್ದ ಎ.ಸಿ. ಇಲ್ಲ, ಬಾಗಿಲಾಚೆಯ ಬಸ್ಸಿಲ್ಲ. ಕಲಾ ಒಂದು ಗಳಿಗೆ ಹೆದರಿ ಕೌಂಟರ್ ಹಿಡಿದುಕೊಂಡಳು. ರುದ್ರೇಶ ನಗುತ್ತ ಪಕ್ಕದ ಗುಂಡಿ ಒತ್ತಿದ. ಆಗ ಇನ್ನೊಂದು ಆಶ್ಚರ್ಯ. ಅವನ ಮಾತು ಕಿವಿಯೊಳಗೇ ಕೂತು ಹೇಳಿದ ಹಾಗೆ ಬಂತು: "ಈಗ ಯಾರಾದ್ರೂ ಮಾತಾಡಿದ್ರೆ ಕೇಳಿಸುತ್ತೆ ಆಂಟಿ. ಹೆಡ್‌ಫೋನ್ ತೆಗೀಬೇಕಾಗಿಲ್ಲ." ಅವನದಷ್ಟೇ ಅಲ್ಲ, ಆ ಕೊನೆಯಲ್ಲಿ ಮಿಕ್ಸಿ ಕೊಳ್ಳುತ್ತಿದ್ದ ಹೆಂಗಸು "ಜಾರ್ ಎಷ್ಟು ಕೊಡ್ತೀರಾ?" ಅಂದದ್ದೂ ಕೇಳಿಸಿತು.

ಕಲಾ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಗಲಾಟೆ ಹೊರಗೆ ಉಳಿಯುತ್ತದೆ, ಮಾತು ಒಳಗೆ ಬರುತ್ತದೆ. ನೋಡುವವರಿಗೆ ಕಿವುಡರ ಮೆಷಿನ್ ಅಂತ ಗೊತ್ತೇ ಆಗುವುದಿಲ್ಲ.

"ಕಿವಿ ಸ್ವಲ್ಪ ಮಂದ ಇರೋರಿಗೆ ಇದಾಗುತ್ತೇನಪ್ಪ?"

"ಅಮ್ಮ, ಅದು ಹಂಗಲ್ಲ" ಅಂದಳು ರಂಜಿನಿ.

"ಇದು ಕಿವಿ ಮೆಷಿನ್ ಅಲ್ಲ ಆಂಟಿ" ಅಂದ ರುದ್ರೇಶ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಅವನು ವ್ಯಾಪಾರದ ಹುಡುಗ, ಇಲ್ಲ ಅನ್ನುವ ಮಾತು ಬಾಯಲ್ಲಿ ಪೂರ್ತಿ ಬರುವುದಿಲ್ಲ. "ಆದರೆ ಒಬ್ಬೊಬ್ಬರಿಗೆ ಕೇಳಿಸ್ಬಹುದು. ಹೇಳೋಕಾಗಲ್ಲ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ.

ರಂಜಿನಿ ತನಗೊಂದು ಕೊಂಡಳು. ಸ್ಕೂಟಿಯ ಹಿಂದೆ ಡಬ್ಬ ಹಿಡಿದು ಕೂತ ಕಲಾ, ಸುಂಕದಕಟ್ಟೆ ಬರುವ ತನಕ ಅದರ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು.

ಅವಳು ಹೆದರಿದ್ದಂತೆಯೇ ಆಯಿತು. ಮೆಟ್ರೋಗೆ ಅಂತ ಬಂದದ್ದು ಮನೆಯಲ್ಲೂ ಕಿವಿ ಬಿಟ್ಟು ಇಳಿಯಲಿಲ್ಲ. ರಂಜಿನಿ ಹೊಸಿಲು ದಾಟಿ ಬರುವಾಗಲೇ ತಲೆ ಮೇಲೆ ಅದು. ಟೀ ಕುಡಿಯುವಾಗ ಅದು, ಬಟ್ಟೆ ಮಡಿಸುವಾಗ ಅದು. ಕಲಾ ಮಾತು ಶುರು ಮಾಡಿದರೆ ಒಂದು ಕಿವಿಯಿಂದ ಸರಿಸಿ, "ಏನಮ್ಮ?" ಅನ್ನುವಳು. ಆ "ಏನಮ್ಮ" ಕೇಳಿದ ಕೂಡಲೇ ಹೇಳಬೇಕಾದದ್ದು ಬಾಯಲ್ಲೇ ಸಣ್ಣದಾಗುತ್ತಿತ್ತು. "ಏನಿಲ್ಲ, ಸೌತೆಕಾಯಿ ಹೆಚ್ಲಾ ಅಂದೆ" ಅನ್ನುವಳು ಕಲಾ.

ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು, "ಹಾಲು ನೋಡ್ಕೊಳೇ, ಬಟ್ಟೆ ತಗೊಂಡು ಬರ್ತೀನಿ" ಅಂದು ತಾರಸಿಗೆ ಹೋದಳು. ಬರುವಷ್ಟರಲ್ಲಿ ಹಾಲು ಉಕ್ಕಿ, ಒಲೆ ತುಂಬಿ, ತಳ ಹತ್ತಿ ಮನೆಯೆಲ್ಲ ಕಮಟು. ರಂಜಿನಿ ಮೂರು ಮಾರು ಆಚೆ, ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು.

ಕಲಾಳಿಗೆ ಎಲ್ಲಿತ್ತೋ ಸಿಟ್ಟು. ಹೋಗಿ ಹೆಡ್‌ಫೋನ್ ಕಿತ್ತಳು.

"ಮನೆ ಸುಟ್ಟೋದ್ರೂ ಗೊತ್ತಾಗಲ್ವೇನೇ ನಿಂಗೆ?"

"ಯಾಕೆ ಕೀಳ್ತೀಯ? ಮುರಿದೋಗುತ್ತೆ!"

"ಮುರೀಲಿ! ಒಂದು ಲೀಟರ್ ಹಾಲು ಹೋಯ್ತು. ಹೇಳಿಲ್ವಾ ನಾನು ನೋಡ್ಕೋ ಅಂತ?"

"ಕೇಳಿಸ್ಲಿಲ್ಲ ಅಮ್ಮ."

"ಏನ್ ಕೇಳಿಸುತ್ತೆ ನಿಂಗೆ? ಬಂದಾಗಿಂದ ಕಿವಿಗೆ ಗೂಟ ಹೊಡ್ಕೊಂಡು ಕೂತಿರ್ತೀಯ. ಎರಡು ಮಾತು ಆಡಕ್ಕೂ ಜನ ಇಲ್ಲ ಈ ಮನೇಲಿ!"

ರಂಜಿನಿಗೂ ರೇಗಿತು. "ಎಂಟು ಗಂಟೆ ಹೊತ್ತು ಕಂಡೋರ ಗೋಳು ಕೇಳ್ತೀನಿ. ಪಾರ್ಸಲ್ ಬಂದಿಲ್ಲ, ದುಡ್ಡು ವಾಪಸ್ ಬಂದಿಲ್ಲ, ಬೈತಾರೆ, ಅಳ್ತಾರೆ, ನಾನು 'ಸಾರಿ ಸಾರ್, ಸಾರಿ ಮೇಡಂ' ಅಂತಿರ್ತೀನಿ. ಮನೆಗೆ ಬಂದ್ಮೇಲೂ ಕೇಳ್ತಾ ಕೂರ್ಬೇಕಾ? ನಂಗೂ ತಲೆ ಅನ್ನೋದು ಇದೆ ಅಮ್ಮ!"

ಕಂಡವರ ಗೋಳಿನ ಸಾಲಿಗೆ ತನ್ನ ಮಾತೂ ಸೇರಿತಲ್ಲ ಅಂತ ಕಲಾ ಬಟ್ಟೆಯ ಗಂಟನ್ನು ಹಾಗೇ ಎದೆಗೆ ಒತ್ತಿಕೊಂಡು ನಿಂತಳು. ಮುನಿತಾಯಮ್ಮ ಮೂಲೆಯಿಂದ, "ಆಡಿದ ಮಾತು, ಉಕ್ಕಿದ ಹಾಲು, ಎರಡೂ ವಾಪಸ್ ಬರಲ್ಲ. ಒಲೆ ಒರಸ್ಕೊಳ್ರೇ" ಅಂದರು. ಮುನಿಯಣ್ಣ ಟೀವಿ ನೋಡುತ್ತಿದ್ದ. ವಾಸನೆ ಬಂದು ತಿರುಗಿದವನು, ಎರಡು ಬೆರಳು ತುಟಿಗಿಟ್ಟು ಟೀ ಆಯಿತಾ ಅಂತ ಕೇಳಿದ.

ಮರುದಿನ ರಂಜಿನಿ, "ಸಾರಿ ಅಮ್ಮ, ತಲೆ ಕೆಟ್ಟಿತ್ತು" ಅಂದಳು. ಕೆನ್ನೆ ಸವರಿದಳು. ಹುಡುಗಿ ಕೆಟ್ಟವಳಲ್ಲ. ಸವರಿ, ಹೆಡ್‌ಫೋನ್ ಹಾಕಿಕೊಂಡು ಬಸ್ಸಿಗೆ ಹೋದಳು.

ಅವತ್ತು ಮಧ್ಯಾಹ್ನ ಗಂಡನಿಗೆ ಬಡಿಸುತ್ತ ಕಲಾಳಿಗೆ ಏನನ್ನಿಸಿತೋ. ಸಾರು ಹಾಕುತ್ತ ಎಂದಿನ ದನಿಯಲ್ಲೇ ಅಂದಳು: "ನಾಳೆಯಿಂದ ನಾನು ಈ ಮನೇಲಿರಲ್ಲ ರೀ. ಎಲ್ಲಿಗಾದ್ರೂ ಹೊರಟೋಗ್ತೀನಿ."

ಮುನಿಯಣ್ಣ ಮುದ್ದೆ ಮುರಿಯುತ್ತ, "ಹೂಂ, ಆಗ್ಲಿ" ಅಂದ.

ಕೇಳಿಸಿದ್ದು ಮುನಿತಾಯಮ್ಮನವರಿಗೆ. "ಕೋಣನ ಮುಂದೆ ಕಿನ್ನರಿ ಬಾರಿಸ್ತಾಳೆ ನೋಡು. ಮಗಳು ಮದುವೆ ವಯಸ್ಸಿಗೆ ಬಂದ್ಲು, ಈಗೇನೇ ಗಂಡನ್ ಹತ್ರ ನಿಂಗೆ ಮಾತು?"

"ಈಗ ತಾನೇ ಅತ್ತೆ ಬೇಕಿರೋದು? ಆಗ ಅವ್ರು ಮನೇಲೆಲ್ಲಿದ್ರು? ಓಟಿ, ಓವರ್‌ಟೈಮು ಅಂತ ಶೆಡ್ಡಲ್ಲೇ ಇದ್ರು."

ಮುದುಕಿ ಸೊಸೆಯ ಮುಖ ನೋಡಿ, ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದರು.

ಎರಡು ವಾರದ ಕುಚ್ಚಿನ ದುಡ್ಡು ಬಂದ ದಿನ ಕಲಾ ಯಾರಿಗೂ ಹೇಳದೆ ರಾಜಾಜಿನಗರದ ಬಸ್ಸು ಹತ್ತಿದಳು. ರುದ್ರೇಶ ಗುರುತು ಹಿಡಿದ.

"ಏನಾಂಟಿ, ಕಂಪ್ಲೇಂಟಾ?"

"ಇಲ್ಲಪ್ಪ. ಇನ್ನೊಂದು ಬೇಕು. ಅಷ್ಟು ದುಬಾರಿದು ಬೇಡ. ಸದ್ದು ನಿಲ್ಲಬೇಕು, ಮಾತು ಕೇಳಿಸ್ಬೇಕು. ಆ ಗುಂಡಿ ಇರೋದು."

"ಯಾರಿಗೆ ಆಂಟಿ?"

"ನಮ್ಮೆಜಮಾನ್ರಿಗೆ."

ರುದ್ರೇಶ ತಲೆ ಕೆರೆದುಕೊಂಡ. "ಆಂಟಿ, ಅವ್ರಿಗೆ ಕಿವಿ ಡಾಕ್ಟ್ರ ಹತ್ರ..."

"ಅದೆಲ್ಲ ಆಗಿದೆ. ಅವ್ರು ಒಪ್ಪಲ್ಲ. ನೀನು ಕೊಡಪ್ಪ. ಒಬ್ಬೊಬ್ಬರಿಗೆ ಕೇಳಿಸುತ್ತೆ ಅಂದಿದ್ದೆಯಲ್ಲ?"

ಹುಡುಗ ಒಂದು ತೆಗೆದು, ಚಾರ್ಜು ಹಾಕಿ, ಎರಡು ಸಲ ಗುಂಡಿ ಒತ್ತಿಸಿ ಕಲಿಸಿ ಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಕಲಾ ಮೊದಲು ಏನು ಹೇಳುವುದು ಅಂತ ಯೋಚಿಸಿದಳು. ಬಾಡಿಗೆಯವಳ ಕಥೆ ಮೊದಲೋ? ತಾನು ಕುಚ್ಚು ಕಟ್ಟಿದ ಸೀರೆಯನ್ನು ಅಂಗಡಿಯವರು ಕನ್ನಡಿ ಮುಂದೆ ತೂಗುಹಾಕಿದ್ದೋ? ಅಥವಾ, ನಿಮ್ಮ ಜೊತೆ ಕೂತು ಎರಡು ಮಾತಾಡಬೇಕು ಅಂತ ಆರು ವರ್ಷದಿಂದ ಕಾದಿದ್ದೀನಿ ರೀ, ಅಂತ ನೇರವಾಗಿ ಅಂದುಬಿಡುವುದೋ? ಐವತ್ತರ ಹತ್ತಿರದ ಹೆಂಗಸು, ಹೊಸ ಮದುವಣಗಿತ್ತಿಯ ಹಾಗೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮರುದಿನ ಮುನಿತಾಯಮ್ಮ ತಮ್ಮ ಮಗಳ ಮನೆಗೆ ಅಂತ ಶ್ರೀಗಂಧದ ಕಾವಲಿಗೆ ಹೋದರು. ರಂಜಿನಿ ಕೆಲಸಕ್ಕೆ. ಮನೆಯಲ್ಲಿ ಇಬ್ಬರೇ. ಕಲಾ ಅನ್ನ ಬಸಿದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಡಬ್ಬ ತಂದು ಗಂಡನ ಮುಂದಿಟ್ಟಳು.

"ಏನೇ ಇದು?" ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೇಳಿದ ಮುನಿಯಣ್ಣ.

ಬಲಗಿವಿಯ ಹತ್ತಿರ ಬಗ್ಗಿದಳು. "ಹೆಡ್‌ಫೋನು! ಮಗಳದ್ದರ ಥರದ್ದು!"

"ಕಿವುಡರ ಮೆಷಿನ್ನಾ?"

"ಅಲ್ಲಾ! ಎಲ್ರೂ ಹಾಕೋತಾರೆ! ಇದ್ರಲ್ಲಿ ಕೇಳಿಸುತ್ತಂತೆ, ಹಾಕ್ಕೊಳ್ಳಿ!"

ಅವನು ತಿರುವಿ ಮುರುವಿ ನೋಡಿದ. ತಗಡಿನ ಕೆಲಸದ ಕೈ; ಮಡಿಚುವ ಕೀಲನ್ನು ಎರಡು ಸಲ ಆಡಿಸಿ, "ಕೀಲು ಚೆನ್ನಾಗಿ ಕೂರ್ಸಿದಾನೆ" ಅಂತ ಮೆಚ್ಚಿದ. ಆಮೇಲೆ ಹಾಕಿಕೊಂಡ. ಕಲಾ ಗುಂಡಿ ಒತ್ತಿ, ಎದುರಿಗೆ ಮೊಣಕಾಲೂರಿ ಕೂತಳು.

"ರೀ. ಕೇಳಿಸ್ತಾ?"

ಮುನಿಯಣ್ಣನ ಕಣ್ಣು ನಿಧಾನವಾಗಿ ಅರಳಿತು. ಕೈಯೆತ್ತಿ ಸುಮ್ಮನಿರು ಅನ್ನುವಂತೆ ಮಾಡಿದ.

"ಕೇಳಿಸ್ತಿದೆ" ಅಂದ.

ಕಲಾಳಿಗೆ ಅಳು ಉಕ್ಕಿ ಬಂತು. "ಹೌದಾ? ಏನಂದೆ ಹೇಳಿ?"

"ಪ್ರೆಸ್ಸು."

"ಏನು?"

"ಪ್ರೆಸ್ಸು ಕಣೇ. ನಮ್ಮ ಶೆಡ್ಡಿನ ಪ್ರೆಸ್ಸು. ಧಡ್, ಧಡ್, ಧಡ್. ಅದೇ. ಹಿಂದೆ ಸುಯ್ ಅಂತ ಆ ದರಿದ್ರ ಮೋಟರು." ಅವನು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. "ಇದ್ರಲ್ಲಿ ಇನ್ನೂ ಜೋರಾಗಿ ಕೇಳಿಸ್ತಿದೆ."

ಅವನು ಅವಳನ್ನು ನೋಡದೆ, ಗೋಡೆಯನ್ನು ನೋಡುತ್ತ ಹೇಳತೊಡಗಿದ.

"ಕೆಲಸ ಬಿಟ್ಟಾಗಿಂದ ಹಿಂಗೇ. ಒಂದು ನಿಮಿಷ ನಿಂತಿಲ್ಲ. ಉಣ್ಣುವಾಗ, ಮಲಗ್ದಾಗ, ಸ್ನಾನ ಮಾಡ್ವಾಗ. ನೀನು ಏನೋ ಹೇಳ್ತೀಯ, ಬಾಯಿ ಆಡೋದು ಕಾಣುತ್ತೆ, ಅದ್ರ ಮೇಲೆ ಧಡ್ ಅಂತ ಬೀಳುತ್ತೆ. ಹೂಂ ಅಂದುಬಿಡ್ತೀನಿ. ತಲೇನೇ ಕೆಟ್ಟೋಯ್ತು ಅಂದ್ಕೊಂಡಿದ್ದೆ ಕಣೇ. ನಮ್ಮ ಶೆಡ್ಡಿನ ಭೈರೇಶ್ ಹಿಂಗೇ ಏನೇನೋ ಕೇಳಿಸುತ್ತೆ ಅಂದ, ಅವ್ನ ಹೆಂಡ್ತಿ ಮಕ್ಕಳೇ ಹುಚ್ಚ ಅಂತ ಒಂದು ಕೋಣೇಲಿ ಕೂರ್ಸಿದ್ರು. ಅದಕ್ಕೇ ಯಾರಿಗೂ ಹೇಳ್ಲಿಲ್ಲ."

ಆರು ವರ್ಷದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಅವನು ಹೆಡ್‌ಫೋನ್ ತೆಗೆದ. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಏನೋ ಒಂದು ಆಸೆ.

"ಈ ಮೆಷಿನ್ನಿಗೂ ಕೇಳಿಸ್ತಿದೆ ಅಂದ್ರೆ ಸದ್ದು ಇದೆ ಅಂತಾಯ್ತಲ್ವಾ? ನನ್ನ ತಲೆ ನೆಟ್ಟಗಿದೆ ಅಂತಾಯ್ತಲ್ವಾ? ನೀನು ಹಾಕ್ಕೋ. ನೀನೇ ಹೇಳು."

ಬೇಡ ಅನ್ನುವಷ್ಟರಲ್ಲಿ ಅವಳ ತಲೆಗೆ ಹಾಕಿಯೇಬಿಟ್ಟ. ಹಾಕುವ ಭರದಲ್ಲಿ ಗುಂಡಿ ಒತ್ತಿಹೋಗಿ ಮಾತು ಒಳಗೆ ಬರುವುದೂ ನಿಂತಿತು. ಫ್ಯಾನಿನ ಸದ್ದು ನಿಂತಿತು, ವೆಲ್ಡಿಂಗ್ ಶೆಡ್ಡು ನಿಂತಿತು, ಮಾಗಡಿ ರಸ್ತೆ ನಿಂತಿತು. ಕಲಾ ಕಿವಿಗೊಟ್ಟು ಕೇಳಿದಳು. ದೇವರಾಣೆಗೂ, ಗಂಡನಿಗೋಸ್ಕರ, ಒಂದು ಚೂರಾದರೂ ಏನಾದರೂ ಕೇಳಿಸಲಿ ಅಂತ ಕೇಳಿದಳು. ಏನೂ ಇರಲಿಲ್ಲ. ಎದುರಿಗೆ ಅವನು ಅವಳ ಮುಖವನ್ನೇ ನೋಡುತ್ತಿದ್ದ. ತುಟಿ ಆಡಿತು. ಕೇಳಿಸ್ತಾ ಅಂತ ಇರಬೇಕು.

ಇಲ್ಲ ಅನ್ನಬೇಕಿತ್ತು. ಅದು ಕಿವಿಯ ಕಾಯಿಲೆ ರೀ, ಡಾಕ್ಟರ ಹತ್ತಿರ ಹೋಗೋಣ ಅನ್ನಬೇಕಿತ್ತು. ಅವಳಿಗೆ ಅಷ್ಟು ತಿಳಿಯದ್ದೇನಲ್ಲ. ಆದರೆ ಆ ಮುಖದ ಮುಂದೆ ಇಲ್ಲ ಅನ್ನುವುದಕ್ಕೆ ಅವಳ ನಾಲಿಗೆ ಏಳಲಿಲ್ಲ.

"ಕೇಳಿಸ್ತು ರೀ" ಅಂದಳು. ಅವನ ಕಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಕೂಗಿದಳು. "ಪ್ರೆಸ್ಸೇ! ಧಡ್ ಧಡ್ ಅಂತಿದೆ!"

ಮುನಿಯಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಹೆಡ್‌ಫೋನ್ ಸರಿಸಿದಾಗ, "ನಾನೊಬ್ನೇ ಅಲ್ಲ ಅಂದಂಗಾಯ್ತು. ನಾನೊಬ್ನೇ ಅಲ್ಲ" ಅನ್ನುತ್ತಿದ್ದ. ಆ ಮಧ್ಯಾಹ್ನ ಅವನು ಎರಡು ಮುದ್ದೆ ಉಂಡು, ಮೇಲೆ ಅನ್ನ ಹಾಕಿಸಿಕೊಂಡ.

ಎರಡು ದಿನ ಬಿಟ್ಟು ಅವಳು ಡಾಕ್ಟರ ಮಾತು ತೆಗೆದಳು. ಅವನು ನಕ್ಕುಬಿಟ್ಟ. "ನಿಂಗೂ ಕೇಳಿಸಿದ್ಮೇಲೆ ಡಾಕ್ಟ್ರು ಯಾಕೆ? ಸದ್ದು ಇದೆ, ಕೇಳಿಸುತ್ತೆ. ಅಷ್ಟೇ ತಾನೇ?" ಕಲಾ ರಂಜಿನಿಗೆ ಹೇಳೋಣ ಅಂತ ಒಂದು ಸಂಜೆ ಹತ್ತಿರ ಹೋದಳು. ಅವಳು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, "ಏನಮ್ಮ?" ಅಂದಳು. "ಏನಿಲ್ಲ" ಅಂದು ಕಲಾ ಒಳಗೆ ಬಂದಳು.

ಈಗ ದಿನಾ ಊಟವಾದ ಮೇಲೆ ಮುನಿಯಣ್ಣ ತಾನೇ ಹೆಡ್‌ಫೋನ್ ತಂದು ಹೆಂಡತಿಯ ತಲೆಗೆ ಹಾಕುತ್ತಾನೆ. ಎದುರಿಗೆ ಕೂತು ಹುಬ್ಬೆತ್ತಿ ಕೇಳುತ್ತಾನೆ. ಅವಳು ಕೇಳಿಸುತ್ತಿದೆ ಅಂತ ತಲೆಯಾಡಿಸುತ್ತಾಳೆ. ಆಗ ಅವನು ಮಾತು ಶುರು ಮಾಡುತ್ತಾನೆ. ಶೆಡ್ಡಿನ ಕಥೆಯಿರಬೇಕು, ಕೈ ಎತ್ತಿ ಇಳಿಸುತ್ತಾನೆ, ಒಮ್ಮೊಮ್ಮೆ ನಗುತ್ತಾನೆ, ಒಮ್ಮೆ ಅವಳ ಕೈಯನ್ನೂ ಹಿಡಿದುಕೊಂಡ. ಮೊದಲ ದಿನಗಳಲ್ಲಿ ಮಾತು ಕೇಳೋಣ ಅಂತ ಅವಳು ಹೆಡ್‌ಫೋನ್ ತೆಗೆದರೆ, ಇಲ್ಲವೇ ಗುಂಡಿಗೆ ಕೈ ಹಾಕಿದರೆ, "ಯಾಕೆ, ನಿಂತೋಯ್ತಾ?" ಅಂತ ಗಾಬರಿಯಿಂದ ಕೇಳಿ ಅವನು ಸುಮ್ಮನಾಗಿಬಿಡುತ್ತಿದ್ದ. ಅದಕ್ಕೇ ಕಲಾ ಈಗ ಅದನ್ನು ತೆಗೆಯುವುದೂ ಇಲ್ಲ, ಗುಂಡಿ ಮುಟ್ಟುವುದೂ ಇಲ್ಲ. ಗಂಡ ಅರ್ಧ ಗಂಟೆ ಅವಳ ಜೊತೆ ಮಾತಾಡುತ್ತಾನೆ, ಅವಳು ಅವನ ತುಟಿ ನೋಡುತ್ತ ಎದುರಿಗೆ ಕೂತಿರುತ್ತಾಳೆ.